ನಡುಗುವ ಹಲಗೆ

ನಮ್ಮ ದುಮ್ಮವಾಡದಲ್ಲಿ ಲಕ್ಕಪ್ಪ ಬಡಿಗೇರ ಮಾಡಿದ ಯಾವ ಸಾಮಾನೂ ಮುರಿದದ್ದಿಲ್ಲ. ಅದೇ ಅವನ ಹೆಸರು, ಅದೇ ಅವನ ರೋಗ. ಶಾಲೆಯ ಒಂದು ಸ್ಟೂಲಿನ ಕಾಲು ಅಲುಗುತ್ತದೆ ಎಂದು ಕೊಟ್ಟರೆ ಸುತ್ತಲೂ ಪಟ್ಟಿ ಹೊಡೆದು ತಂದ. ಈಗ ಅದನ್ನು ಸರಿಸಲು ಇಬ್ಬರು ಬೇಕು. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾನೆ. "ಗಟ್ಟಿ ಐತಿ" ಅಂದನೆಂದರೆ ಮುಗಿಯಿತು, ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿಲ್ಲ. ಹೆಂಡತಿ ಹನಮವ್ವನ ಬಗ್ಗೆ ಕೇಳಿದರೂ ಅದನ್ನೇ ಅನ್ನುತ್ತಾನೆ.

ಇಂಥವನ ಕೈಗೆ ನಾನು ನನ್ನ ಗಿಟಾರು ಕೊಟ್ಟೆ. ಬುದ್ಧಿ ಇರಲಿಲ್ಲವೇ ಎಂದು ಕೇಳಬೇಡಿ, ಕಾರಣ ಹೇಳುತ್ತೇನೆ.

ನಾನು ಊರ್ಮಿಳಾ, ಇಲ್ಲಿನ ಶಾಲೆಯಲ್ಲಿ ಗಣಿತ ಕಲಿಸುವವಳು. ಊರಿಗೆಲ್ಲ ಅಕ್ಕೋರು. ಮನೆಯಲ್ಲಿ ನಾನು ಮತ್ತು ಅವ್ವ ಅನ್ನಪೂರ್ಣಾಬಾಯಿ. ಅವ್ವನಿಗೆ ಮರೆವಿನ ಬೇನೆ. ನನ್ನನ್ನು ಒಮ್ಮೆ ನರ್ಸ್ ಅನ್ನುತ್ತಾಳೆ, ಒಮ್ಮೆ ಯಾರ ಮನೆಯವಳು ನೀನು ಅನ್ನುತ್ತಾಳೆ. ಗುರುತಿಲ್ಲದವರು ಬಡಿಸಿದ ಅನ್ನ ಮುಟ್ಟುವುದಿಲ್ಲ. ಆದರೆ ನಾನು ಗಿಟಾರು ಹಿಡಿದು ವಿಠ್ಠಲನ ಆರತಿಯ ಧಾಟಿ ನುಡಿಸಿದರೆ ಸಾಕು, ಮುಖ ತಿಳಿಯಾಗಿ "ಊರ್ಮಿ ಬಂದ್ಲು" ಎಂದು ತಾಟಿನ ಮುಂದೆ ಕೂಡುತ್ತಿದ್ದಳು. ಬಿ.ಎಡ್. ಓದುವಾಗ ನಾನು ಧಾರವಾಡದಿಂದ ಅದನ್ನು ಹೊತ್ತು ತಂದ ದಿನ, "ತಂಬೂರಿ ಬಿಟ್ಟು ಈ ಡಬ್ಬಿ ಯಾಕ ತಂದಿ" ಎಂದು ವಾರಗಟ್ಟಲೆ ಮಾತು ಬಿಟ್ಟವಳೂ ಅವಳೇ. ಎಲ್ಲವನ್ನೂ ಮರೆತು ಆ ಡಬ್ಬಿಯ ದನಿಯನ್ನು ಮಾತ್ರ ಹೇಗೆ ಉಳಿಸಿಕೊಂಡಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಂಗ ಪಡಸಾಲೆಗೆ ನುಗ್ಗಿ, ಬಾಳೆಹಣ್ಣು ಎತ್ತಿಕೊಂಡು ಓಡುವಾಗ ಗೂಟದಲ್ಲಿದ್ದ ಗಿಟಾರನ್ನು ಕೆಡವಿತು. ಮುಂದಿನ ಹಲಗೆ ಉದ್ದಕ್ಕೆ ಸೀಳಿತು. ಅವತ್ತು ಅವ್ವ ಉಣ್ಣಲಿಲ್ಲ. ಮರುದಿನ ಬರೀ ಹಾಲು. ಮೊಬೈಲಿನಲ್ಲಿ ಯಾರದೋ ಗಿಟಾರು ಕೇಳಿಸಿದೆ, ಅವ್ವ ಮೊಬೈಲನ್ನು ದಿಂಬಿನ ಕೆಳಗೆ ತುರುಕಿದಳು. ಹುಬ್ಬಳ್ಳಿಯಲ್ಲಿ ವಾದ್ಯದ ಅಂಗಡಿ ಇಟ್ಟಿರುವ ಅತಾವುಲ್ಲಾ ಅವರಿಗೆ ಫೋನ್ ಮಾಡಿದರೆ, ಕೈತುಂಬ ಕೆಲಸ ಐತಿ, ತಿಂಗಳಾದರೂ ಬೇಕು ಅಂದರು. ತಿಂಗಳು ಕಾಯುವ ಹೊಟ್ಟೆ ಯಾರದು? ಲಕ್ಕಪ್ಪನನ್ನು ಕರೆದೆ.

ಲಕ್ಕಪ್ಪ ಸೀಳಿದ ಹಲಗೆಯನ್ನು ಕುಟ್ಟಿ ನೋಡಿ ಮುಖ ಕಿವಿಚಿದ.

"ಅಕ್ಕೋರ, ಇದೇನ್ರಿ, ಹಪ್ಪಳ ಇದ್ದಂಗ ಐತಿ. ಮಂಗ್ಯಾನ ತಪ್ಪೇನೂ ಇಲ್ಲ ಬಿಡ್ರಿ." ಆಮೇಲೆ ನೈಲಾನ್ ತಂತಿ ಎಳೆದು ನೋಡಿದ. "ಇದು ಮೀನ ಹಿಡಿಯೂ ದಾರ. ತಂತಿ ಅಂದ್ರ ಉಕ್ಕಿಂದ ಇರಬೇಕ್ರಿ, ನಮ್ಮ ಭಜನಿ ಏಕತಾರಿಗೆ ಇರೂವಂಗ. ಮ್ಯಾಲೆ ಸಾಗವಾನಿ ಹಾಕ್ತೀನಿ, ನಿಮ್ಮ ಮುಂದಿನ ಪೀಳಿಗಿನೂ ಬಾರಿಸಬೇಕು."

ನಾನು ಕೋಲೆಬಸವನ ಹಾಗೆ ತಲೆಯಾಡಿಸಿದೆ. ನುಡಿಸಲು ಬರುತ್ತದೆಯೇ ಹೊರತು ಅದರ ಹೊಟ್ಟೆಯಲ್ಲಿ ಏನಿದೆ ಎಂದು ನನಗೇನು ಗೊತ್ತು? ಅದೂ ಅಲ್ಲದೆ ಸಾಗವಾನಿ ಹಾಕುತ್ತೇನೆ ಅಂದರೆ ಬೇಡ ಅನ್ನುವ ಮನುಷ್ಯರು ನಮ್ಮ ಕಲಘಟಗಿ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಕೆಲವೇ ದಿನಗಳಲ್ಲಿ ತಂದ. ಅವನ ಅಪ್ಪ ಮಾಡಿದ ಬಾಗಿಲಿನ ಹಲಗೆಯಂತೆ. ಹಳೆ ಮನೆ ಕೆಡವಿದಾಗಿನಿಂದ ದೇವರ ಜಗಲಿಗೆಂದು ಎತ್ತಿಟ್ಟಿದ್ದನ್ನು ನನ್ನ ಗಿಟಾರಿಗೆ ಹಾಕಿದ್ದ. ಯಾಕೆ ಹಾಕಿದಿರಿ ಅಂದದ್ದಕ್ಕೆ, "ಅವ್ವಾರು ಉಣ್ಣವಲ್ರು ಅಂದ್ರಿ, ದೇವರಿಗೆ ಅವಸರ ಏನೈತ್ರಿ" ಅಂದ. ಹಲಗೆ ಮಿರಮಿರ ಮಿಂಚುತ್ತಿತ್ತು. ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರ.

ಅವ್ವನ ಮುಂದೆ ತಾಟು ಇಟ್ಟು ನುಡಿಸಿದೆ. ದನಿ ಟಣ್ ಅಂದು ಅಲ್ಲೇ ಸತ್ತಿತು. ಮೊದಲು ಒಂದು ತಂತಿ ಮೀಟಿದರೆ ದನಿ ಕೋಣೆ ತುಂಬಿ, ಮುಂದಿನ ಸ್ವರ ಬರುವ ತನಕ ನಿಂತಿರುತ್ತಿತ್ತು. ಈಗ ಗೋಡೆಗೆ ಮೊಳೆ ಹೊಡೆದ ಹಾಗೆ.

"ಯಾರೋ ಬಾಗಲಾ ಬಡೀಲಿಕತ್ತಾರ, ನೋಡವಾ" ಅಂದಳು ಅವ್ವ. ಆಮೇಲೆ ನನ್ನನ್ನೇ ನೋಡಿ, "ನೀ ಯಾರ ಪೈಕಿ?" ಎಂದು ಕೇಳಿ ತಾಟು ದೂಡಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ಲಕ್ಕಪ್ಪಣ್ಣ, ಗಣಪ್ಪನ್ನ ಮಾಡ್ರಿ ಅಂದ್ರ ಅವರಪ್ಪನ್ನ ಮಾಡೀರಿ" ಅಂದೆ. ಅವನು ಸಿಟ್ಟಾಗಲಿಲ್ಲ. ಗಿಟಾರನ್ನು ತಿರುವಿ ತಿರುವಿ ನೋಡಿದ, ಕುಟ್ಟಿದ, ಮತ್ತೆ ಕುಟ್ಟಿದ.

"ಕಟ್ಟಿಗಿ ಖರೇ. ತಂತಿ ಖರೇ. ಕೆಲಸಾನೂ ಖರೇ. ಹಂಗಾದ್ರ ಸುಳ್ಳು ಯಾವುದ್ರಿ ಅಕ್ಕೋರ?"

ಗಣಿತ ಕಲಿಸುವ ನನಗೂ ಆ ಲೆಕ್ಕ ಬಿಡಿಸಲು ಬರಲಿಲ್ಲ. ಆಮೇಲೆ ದಿನಾ ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂತು ತಂತಿ ಬಿಗಿದ, ಸಡಿಲಿಸಿದ, ಎಣ್ಣೆ ಹಚ್ಚಿದ, ಒರೆಸಿದ. ಒಳಗೆ ಬರೀ ಹಾಲಿನ ಮೇಲಿದ್ದ ಅವ್ವನ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ನನಗೆ ಹೆದರಿಕೆಯಾಯಿತು. ಕೊನೆಗೆ ಅತಾವುಲ್ಲಾ ಅವರಿಗೆ ಮತ್ತೆ ಫೋನ್ ಹಚ್ಚಿ, ಆದದ್ದೆಲ್ಲ ಹೇಳಿ, ಲಕ್ಕಪ್ಪನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಮೇಡಂ, ಹಿಂದ, ಬಾಜು ಎಲ್ಲಾ ಗಟ್ಟಿ ಕಟ್ಟಿಗಿ ಇರಲಿ, ಬ್ಯಾಡ ಅನ್ನೂದಿಲ್ಲ" ಅಂದರು ಅವರು. "ಮುಂದಿನ ಹಲಗಿ ಮಾತ್ರ ತೆಳ್ಳಗ ಇರಬೇಕು, ಹಗೂರ ಇರಬೇಕು. ತಂತಿ ಮೀಟಿದ್ರ ಅದು ನಡುಗಬೇಕ್ರಿ. ಆ ನಡುಗೂದ ದನಿ. ಮತ್ತ ನಿಮ್ಮದು ನೈಲಾನ್ ತಂತಿಗೆ ಮಾಡಿದ್ದು, ಅದರ ದನಿ ಮೆತ್ತಗ. ಉಕ್ಕಿನ ತಂತಿ ದನೀನ ಬ್ಯಾರೆ, ಎಳತಾನೂ ಬ್ಯಾರೆ. ಹಳೇ ಹಲಗಿಗೆ ಅದನ್ನ ಬಿಗದ್ರ ಕಿತ್ತಕೊಂಡ ಬರತೈತಿ."

ಫೋನ್ ಇಟ್ಟ ಮೇಲೆ ಲಕ್ಕಪ್ಪ ಒಂದು ತಂತಿ ಮೀಟಿ, ಸಾಗವಾನಿ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದ.

"ನಡುಗಬೇಕು ಅಂತಾರಲ್ರಿ" ಅಂದ. "ಬಾಗಲಾ ನಡುಗಬಾರದು, ಚಕ್ಕಡಿ ನಡುಗಬಾರದು, ತೊಟ್ಟಿಲಾ ನಡುಗಬಾರದು. ಹುಟ್ಟಿದಾಗಿಂದ ಅದನ್ನ ಮಾಡೀನಿ. ನಡುಗೂ ಕಟ್ಟಿಗಿ ಯಾರಿಗೆ ಬೇಕಾಗತೈತ್ರಿ?"

ಬರುವಾಗ ಹೋಗುವಾಗ ಕುಟ್ಟುತ್ತಿದ್ದ ನಮ್ಮ ಚೌಕಟ್ಟನ್ನು ಅವತ್ತು ಅವನು ಕುಟ್ಟದೇ ಹೋದ.

ಮರುದಿನ ಬೆಳಿಗ್ಗೆ ಹಳೆಯ ಹಲಗೆ ಕೇಳಲು ಅವನ ಮನೆಗೆ ಹೋದೆ. ಒಲೆಗೆ ಹಾಕಿದ್ದರೆ ಎಂದು ಅರ್ಧ ದಾರಿ ಓಡಿದೆ. ಹನಮವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಜುವಿನ ರೊಟ್ಟಿ ಬುಟ್ಟಿಯ ಮೇಲೆ ಮುಚ್ಚಳವಾಗಿ ನನ್ನ ಗಿಟಾರಿನ ಮುಖವೇ ಇತ್ತು.

"ಇವ್ರು ಒಗ್ಯಾಕ ಹೊಂಟಿದ್ರು, ನಾನ ಇಟಗೊಂಡೆನ್ರಿ ಅಕ್ಕೋರ" ಅಂದಳು. "ನಡುವ ತೂತು ಐತಲ್ರಿ, ಉಗಿ ಹೊರಗ ಹೋಗತೈತಿ. ರೊಟ್ಟಿ ಬೆವರೂದಿಲ್ಲ."

ಹೇಳುತ್ತಲೇ ಕೈಯಲ್ಲಿದ್ದ ಸೌಟನ್ನು ಅದರ ಮೇಲೆ ಇಟ್ಟಳು. ಹಲಗೆ ಗುಂ ಅಂದಿತು. ಅಂಗಳದಲ್ಲಿ ಕೂತಿದ್ದ ಲಕ್ಕಪ್ಪ ತಿರುಗಿ ನೋಡಿದ. ಎದ್ದು ಬಂದು ಹಲಗೆಯನ್ನು ಎತ್ತಿ, ಎರಡೇ ಬೆರಳಲ್ಲಿ ಹಿಡಿದು ಕುಟ್ಟಿ ಕಿವಿಗಿಟ್ಟುಕೊಂಡ. ಆಮೇಲೆ ದೇವರ ಜಗಲಿಗೆಂದು ಇಟ್ಟಿದ್ದ ಸಾಗವಾನಿಯ ಉಳಿದ ತುಂಡನ್ನು ಕುಟ್ಟಿದ. ಮತ್ತೆ ಇದನ್ನು.

"ಗಟ್ಟಿ ಇಲ್ಲ" ಅಂದ. ಬೈದದ್ದೋ ಹೊಗಳಿದ್ದೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ.

ಸಾಗವಾನಿ ಬಿಚ್ಚಿ ಹಳೆಯ ಹಲಗೆಯನ್ನೇ ಕೂರಿಸುವುದೆಂದಾಯಿತು. ಅತಾವುಲ್ಲಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೈಲಾನ್ ತಂತಿ ಕಳಿಸಿದರು. ಸೀಳಿಗೆ ಒಳಗಿನಿಂದ ಉಗುರಿನಷ್ಟು ತೆಳುವಾದ ಚೂರು ಅಂಟಿಸಿರಿ, ಹೆಚ್ಚು ಬೇಡ ಅಂದಿದ್ದರು. ಲಕ್ಕಪ್ಪ ಪಟ್ಟಿ ಹೊಡೆದುಬಿಟ್ಟಾನು ಎಂದು ನಾನು ದಿನವಿಡೀ ಅವನ ಎದುರಿಗೇ ಕೂತೆ.

"ಸಣ್ಣದೊಂದು ಪಟ್ಟಿ, ಅಕ್ಕೋರ."

"ಬ್ಯಾಡ್ರಿ."

"ತಡಿಯೂದಿಲ್ಲ ನೋಡ್ರಿ."

"ತಡೀದಿದ್ರ ನನ್ನ ಹಣೇಬರಹ."

ಅವನು ಪಟ್ಟಿಯನ್ನು ಬದಿಗಿಟ್ಟು, ಉಗುರಿನಷ್ಟು ಚೂರಿಗೆ ಅಂಟು ಹಚ್ಚಿದ.

ಅಂಟು ಒಣಗಿದ ಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಗಿಟಾರು ಮನೆಗೆ ಬಂತು. ಲಕ್ಕಪ್ಪ ಒಳಗೆ ಬರದೆ ಹೊಸ್ತಿಲ ಆಚೆ ನಿಂತ. ಅವ್ವನ ಮುಂದೆ ಅನ್ನ ಸಾರು ಇಟ್ಟು ನುಡಿಸತೊಡಗಿದೆ. ಹಲಗೆಗೆ ಇನ್ನೂ ಜೋಳದ ರೊಟ್ಟಿಯ ವಾಸನೆ. ದನಿ ಮೊದಲಿನದೇ ಅಂತ ಆಣೆ ಮಾಡಲಾರೆ, ದಪ್ಪ ತಂತಿ ತುಸು ಗೊರಗುಡುತ್ತಿತ್ತು. ಆದರೆ ಸಾಯದೆ ಕೋಣೆಯಲ್ಲಿ ನಿಲ್ಲುತ್ತಿತ್ತು. ಅವ್ವ ಕಿಟಕಿಯ ಕಡೆ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಲೇ ಇಲ್ಲ. ಧಾಟಿ ಮುಗಿಯಿತು. ಮತ್ತೆ ಮೊದಲಿನಿಂದ ಹಿಡಿದೆ. ಕೈ ಸೋತು ನಡುವೆಯೇ ನಿಲ್ಲಿಸಿಬಿಟ್ಟೆ.

ಆಗ ಅವ್ವ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ಅಗಿದು ಮುಖ ಸಿಂಡರಿಸಿದಳು.

"ಊರ್ಮಿ, ಸಾರಿಗೆ ಉಪ್ಪು ಹಾಕೇ ಇಲ್ಲಲ್ಲ ನೀ. ಎಷ್ಟು ಸಲ ಹೇಳಬೇಕು ನಿನಗ?"

ಗಿಟಾರಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹೊಸ್ತಿಲ ಆಚೆಯಿಂದ ಲಕ್ಕಪ್ಪ ಗಾಬರಿಯಾಗಿ ಕೇಳಿದ.

"ಯಾಕ್ರಿ ಅಕ್ಕೋರ, ಮತ್ತ ಕೆಡಿಸಿದೆ ಏನ್ರಿ?"

ಕಣ್ಣೊರೆಸಿಕೊಂಡು, ಉಪ್ಪು ತರಲು ಒಳಗೆ ಹೋದೆ.