ಗಂಡಸಿನ ಪಾಲಿನ ಸಾಲುಗಳು

ಅಮೆರಿಕದ ವಾರೆನ್‌ಗೆ ಬಂದ ಮೊದಲ ಚಳಿಗಾಲ, ಎಪ್ಪತ್ತರ ದಶಕದ ಆರಂಭ. ನನ್ನವರು ಬೆಳಿಗ್ಗೆ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿಗೆ ಕೆಲಸಕ್ಕೆ ಹೋದ ಮೇಲೆ ನಾನು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಮೈಸೂರಿನಲ್ಲಿ ಹನ್ನೆರಡು ವರ್ಷ ಸಂಗೀತ ಕಲಿತವಳು. ಇಲ್ಲಿ ಗೋಡೆಯಾಚೆ ಯಾರಿಗೆ ತೊಂದರೆಯಾಗುತ್ತದೋ ಎಂದು ಹೆದರಿ, ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಸದ್ದಿನ ಮರೆಯಲ್ಲಿ ಮಾತ್ರ ಹಾಡಿಕೊಳ್ಳುತ್ತಿದ್ದೆ.

ಕೆಳಗಿನ ಮನೆಯಲ್ಲಿ ಕೆಂಟಕಿಯಿಂದ ಬಂದ ಗಂಡ ಹೆಂಡತಿ ಇದ್ದರು. ಇಬ್ಬರಿಗೂ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಶನಿವಾರ ಸಂಜೆ ಕಾರ್ಮಿಕ ಸಂಘದ ಹಾಲ್‌ನಲ್ಲಿ ಜೋಡಿಯಾಗಿ ತಮ್ಮ ಕಡೆಯ ಹಳ್ಳಿಗಾಡಿನ ಕಂಟ್ರಿ ಹಾಡು ಹಾಡುತ್ತಿದ್ದರು. ಆದರೆ ಮನೆಯಲ್ಲಿ ಅವರು ಒಬ್ಬರಿಗೊಬ್ಬರು ಮಾತಾಡಿದ್ದು ನನಗೆ ಕೇಳಿಸಿದ್ದೇ ಇಲ್ಲ. ಬಾಗಿಲು ಬಡಿಯುವ ಸದ್ದು, ಪಾತ್ರೆ ಕುಕ್ಕುವ ಸದ್ದು, ಸ್ವಲ್ಪ ಹೊತ್ತಿಗೆ ಗಿಟಾರ್. ಆಮೇಲೆ ಎರಡೂ ದನಿ ಕೂಡಿಕೊಂಡು ಪ್ರೀತಿಯ ಹಾಡು! ಕೇಳುತ್ತಾ ನನಗೇ ಕಸಿವಿಸಿಯಾಗುತ್ತಿತ್ತು.

ಜನವರಿಯಲ್ಲಿ ಆ ಗಂಡ ಷಿಕಾಗೊದಲ್ಲಿದ್ದ ತಮ್ಮನ ಮನೆಗೆ ಹೊರಟುಹೋದ. ನಾಲ್ಕು ದಿನ ಕಳೆದು ಅವಳು ನಮ್ಮ ಬಾಗಿಲು ತಟ್ಟಿದಳು.

"ಬಟ್ಟೆ ಒಗೆಯೋವಾಗ ನೀನು ಹಾಡಿದ್ದು ಕೇಳಿದೀನಿ. ನಿನ್ನ ದನಿ ನನ್ನದಕ್ಕಿಂತ ತಗ್ಗಿನಲ್ಲಿದೆ. ಅವನ ಸಾಲುಗಳನ್ನ ನೀನು ಹಾಡ್ತೀಯಾ? ಇದೊಂದು ಶನಿವಾರ ಸಾಕು."

ಯೋಚಿಸುವ ಮೊದಲೇ ಹೂಂ ಅಂದುಬಿಟ್ಟೆ.

ದಿನಾ ಮಧ್ಯಾಹ್ನ ಅವಳು ಶಿಫ್ಟ್ ಮುಗಿಸಿ ಬಂದೊಡನೆ ಅಭ್ಯಾಸ. ಅವಳು ಒಂದು ಸ್ವರದಲ್ಲಿ ಹಾಡಿದರೆ ನಾನು ಅದೇ ಹೊತ್ತಿಗೆ ಅದರ ಕೆಳಗಿನ ಬೇರೊಂದು ಸ್ವರದಲ್ಲಿ ಹಾಡಬೇಕು. ನನ್ನ ಕಿವಿಗೆ ಅದು ಅಪಸ್ವರ. ಗುರುಗಳ ಜೊತೆ ಹಾಡುವಾಗ ಅವರ ದನಿಗೆ ದನಿ ಸೇರಿಸುವುದೇ ನಾನು ಕಲಿತ ವಿದ್ಯೆ. ಪ್ರತಿ ಸಲವೂ ಜಾರಿ ಅವಳ ಸ್ವರಕ್ಕೇ ಹೋಗಿ ಅಂಟಿಕೊಳ್ಳುತ್ತಿದ್ದೆ.

"ನನ್ನ ಹಿಂದೆ ಬರಬೇಡ. ನೀನಿರೋ ಕಡೆ ಇರು. ಆ ಸ್ವರನ ಅಲ್ಲಾಡಿಸಬೇಡ," ಎನ್ನುತ್ತಿದ್ದಳು. ಗಮಕವಿಲ್ಲದೆ ಸ್ವರವನ್ನು ನೆಟ್ಟಗೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ಅವಳಿಗೆ ಹೇಗೆ ಹೇಳಲಿ? ಮೂರನೆಯ ದಿನ ಒಂದೇ ಒಂದು ಸಾಲು ಸರಿಯಾಗಿ ಬಂತು. ಎದೆಯೊಳಗೆ ಏನೋ ಕಂಪಿಸಿದ ಹಾಗಾಯಿತು. ಇಬ್ಬರೂ ಹಾಡು ನಿಲ್ಲಿಸಿ ಮುಖ ಮುಖ ನೋಡಿಕೊಂಡೆವು.

ವಿಷಯ ಕೇಳಿ ನನ್ನವರು ತಟ್ಟೆಯಿಂದ ತಲೆಯೆತ್ತಿದರು. "ಗಂಡಸಿನ ಪಾರ್ಟ್ ನೀನು ಹಾಡೋದಾ? ನಮ್ಮ ಜನಕ್ಕೆ ಗೊತ್ತಾದ್ರೆ ಏನಂತಾರೆ?"

"ಅವರ್ಯಾರೂ ಅಲ್ಲಿಗೆ ಬರಲ್ಲ ರೀ. ನೀವು ಬನ್ನಿ, ಸಾಕು."

ಅವರು ಬರಲಿಲ್ಲ. ನಾನು ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಅವಳ ಕಾರಿನಲ್ಲಿ ಹೋದೆ. ವೇದಿಕೆ ಹತ್ತಿದಾಗ ಯಾರೋ ನಕ್ಕರು. ಮೊದಲ ಹಾಡು ದಾಟಿತು. ಎರಡನೆಯದರ ಕೊನೆಯ ಸಾಲಿನಲ್ಲಿ ಜಾರಿ ಅವಳ ಸ್ವರಕ್ಕೆ ಹೋಗಿಬಿಟ್ಟೆ. ಅವಳು ಥಟ್ಟನೆ ತಾನೇ ಕೆಳಗಿನ ಸ್ವರಕ್ಕೆ ಇಳಿದು ನನ್ನನ್ನು ಉಳಿಸಿದಳು. ಜನ ಚಪ್ಪಾಳೆ ತಟ್ಟಿದರು. ಇನ್ನೂ ಹತ್ತು ಹಾಡು ಹಾಡಬೇಕೆನಿಸಿತು.

ಮುಂದಿನ ಬುಧವಾರ ಅವನು ವಾಪಸು ಬಂದ. ಮೆಟ್ಟಿಲ ಬಳಿ ಅವಳೇ ಹೇಳಿದಳು: "ಅವನು ಬಂದಿದಾನೆ. ಇನ್ನು ನಿನಗೆ ತೊಂದರೆ ಕೊಡಲ್ಲ."

"ಒಳ್ಳೇದಾಯ್ತು," ಎಂದೆ. ಒಳಗೆ ಬಂದವಳೇ ಅನ್ನಕ್ಕಿಟ್ಟಿದ್ದನ್ನು ಮರೆತೆ. ತಳ ಹತ್ತಿತು.

ಆ ಶನಿವಾರ ಅವರ ಹಾಡು ಕೇಳಲು ಹೋದೆವು. ಈ ಸಲ ನನ್ನವರೂ ಬಂದರು. ನಡುವೆ ಬಿಡುವಿನಲ್ಲಿ ಅವನು ನನ್ನನ್ನು ಹುಡುಕಿಕೊಂಡು ಬಂದ. ಅವನು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

"ನನ್ನ ಸಾಲು ನೀನು ಹಾಡಿದೆಯಂತೆ. ಆ ಉದ್ದನೆ ಸಾಲಲ್ಲಿ ಉಸಿರು ಎಲ್ಲಿ ತಗೊಂಡೆ? ನಾನು ಯಾವಾಗಲೂ ಅಲ್ಲೇ ಸಿಕ್ಕಿಹಾಕಿಕೊಳ್ತೀನಿ."

ಹಾಡಿ ತೋರಿಸಿದೆ. ಅವನು ಎರಡು ಸಲ ಗುನುಗಿ ನೋಡಿಕೊಂಡು ತಲೆದೂಗಿದ. ಮತ್ತೆ ವೇದಿಕೆಗೆ ಹೋಗಿ, ನಾನು ಹೇಳಿದ ಕಡೆಯೇ ಉಸಿರು ತೆಗೆದುಕೊಂಡ. ಅವಳು ಬೆರಗಾಗಿ ಅವನತ್ತ ತಿರುಗಿದಳು. ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಮುಚ್ಚಿಡುವುದೇಕೆ?

ಸೋಮವಾರ ಊರಿನ ಲೈಬ್ರರಿಗೆ ಫೋನ್ ಮಾಡಿ, ಹಾಡುವವರನ್ನು ಸೇರಿಸಿಕೊಳ್ಳುವ ಗುಂಪು ಯಾವುದಾದರೂ ಇದೆಯೇ ಎಂದು ವಿಚಾರಿಸಿದೆ. ವಸಂತ ಬರುವಷ್ಟರಲ್ಲಿ ಒಂದು ಗಾಯನವೃಂದದಲ್ಲಿ, ಹೆಂಗಸರ ತಗ್ಗುದನಿಯ ಸಾಲಿನಲ್ಲಿ ನಿಂತಿದ್ದೆ.

"ಈಗ ಇದೊಂದು ಶುರುವಾಯ್ತಾ?" ಎಂದರು ನನ್ನವರು.

"ಹೂಂ ರೀ. ಪ್ರತಿ ಗುರುವಾರ. ಸಾರು ಮಾಡಿಟ್ಟಿರ್ತೀನಿ, ಬಿಸಿ ಮಾಡ್ಕೊಳ್ಳಿ."