ಈ ಗಾಡಿ ಕೆಡಿಸಿದ್ದು ಯಾರು?

ಹೋದ ತಿಂಗಳು ಒಂದು ಶನಿವಾರ ಆಲೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ರುದ್ರೇಶ ನನ್ನ ಕಾರಿನ ಗಾಳಿ ಪೈಪಿನೊಳಗೆ ಎರಡು ಬೆರಳು ತೂರಿಸಿ ಒಂದು ಬಟ್ಟೆ ಎಳೆದ. ಎಳೆದಷ್ಟೂ ಬಂತು. ಎಣ್ಣೆ ಕುಡಿದು ಕಪ್ಪಾದ ಹಳೇ ಬನಿಯನ್.

"ನಿಮ್ ಕಾರಿಗೆ ಉಸ್ರು ಕಟ್ಟಿತ್ತು ಮೇಡಂ, ಅಷ್ಟೇಯ," ಎಂದ.

ಈ ಅಂಕಣ ಓದುವವರಿಗೆ ನನ್ನ ಕಾರು ಗೊತ್ತಿಲ್ಲದ್ದೇನಲ್ಲ. ಟರ್ಬೊ ಡೀಸೆಲ್. ವಯಸ್ಸಾಗಿದೆ. ದೂರದಿಂದಲೇ ಅದರ ಸದ್ದು ಹಿಡಿದು ಶಾಲೆಯ ಮಕ್ಕಳು ‘ಮಿಸ್ ಬಂದ್ರು’ ಎಂದು ಬೆಂಚಿಗೆ ಓಡುತ್ತಾರೆ. (ಅದೂ ಒಂದು ಅನುಕೂಲವೇ.) ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಫ್ಯಾನು. ಅದು ಸರಿಯಿದ್ದರೆ ಹಳೇ ಗಾಡಿಯೂ ಏರು ಹತ್ತುತ್ತದೆ. ಅದು ಸಿಳ್ಳೆ ಹೊಡೆಯತೊಡಗಿತೆಂದು ಸಕಲೇಶಪುರದಲ್ಲಿ ರಿಪೇರಿ ಮಾಡಿಸಿದ್ದೆ. ಸಿಳ್ಳೆ ನಿಂತಿತು. ಕಾರೂ ಹೆಚ್ಚುಕಡಿಮೆ ನಿಂತಿತು. ಕೆ. ಹೊಸಕೋಟೆ ರಸ್ತೆಯ ಏರಿನಲ್ಲಿ ಕಪ್ಪು ಹೊಗೆ ಬಿಡುತ್ತಾ ತೆವಳುವಾಗ ಹಿಂದಿನ ಬಸ್ಸಿನ ಡ್ರೈವರ್ ಹಾರನ್ನಿನಿಂದ ಕೈಯನ್ನೇ ತೆಗೆಯಲಿಲ್ಲ.

ರುದ್ರೇಶ ಒಂದೊಂದಾಗಿ ತೋರಿಸಿದ. ಪೈಪಿನ ಜಾಯಿಂಟಿಗೆ ಕ್ಲಿಪ್ಪಿನ ಬದಲು ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದಿದೆ. ಟರ್ಬೊಗೆ ಆಯಿಲ್ ಹೋಗುವ ಸಣ್ಣ ಪೈಪಿನ ತೂತನ್ನು ಜಾಯಿಂಟಿಗೆ ಹಚ್ಚುವ ಪೇಸ್ಟು ಮುಚ್ಚಿದೆ. ಕೆಲವು ನಟ್ಟುಗಳು ಬರಿಗೈಯಲ್ಲೇ ತಿರುಗುತ್ತವೆ. ನೋಡನೋಡುತ್ತಾ ಅವನಿಗೆ ಸಿಟ್ಟು ಏರಿತು.

"ಯಾವನ್ ಮೇಡಂ ಇದ್ಕೆ ಕೈ ಹಾಕ್ದೋನು? ಸ್ಪ್ಯಾನರ್ ಹಿಡಿಯಕ್ ಬರ್ದವ್ರೆಲ್ಲ ಮೆಕ್ಯಾನಿಕ್ ಆಗ್ಬುಟ್ಟವ್ರೆ."

"ಲಾರೆನ್ಸಣ್ಣ," ಎಂದೆ.

ಕೈ ಒರೆಸಿಕೊಳ್ಳುತ್ತಿದ್ದವನು ಅಲ್ಲಿಗೇ ನಿಲ್ಲಿಸಿದ. "ಇಲ್ಲ ಬುಡಿ. ಅವ್ರ ಕೆಲ್ಸ ಅಲ್ಲ ಇದು."

"ನಾನೇ ಬಿಟ್ಟು ಬಂದು, ನಾನೇ ಹೋಗಿ ತಂದಿದ್ದು ರುದ್ರೇಶ."

ಅವನು ಹೋಗಿ ಹಳೇ ಟೈರೊಂದರ ಮೇಲೆ ಕೂತ.

ಸಕಲೇಶಪುರದ ಸುತ್ತಿನ ಎಸ್ಟೇಟುಗಳಲ್ಲಿ ಲಾರೆನ್ಸಣ್ಣನ ಕೈ ತಾಗದ ಜೀಪಿಲ್ಲ. ರುದ್ರೇಶ ಕೆಲಸ ಕಲಿತದ್ದು ಅವರ ಬಳಿಯೇ. ಅವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಮಾವನಿಗೆ ‘ನಮ್ಮ ಹುಡುಗ, ನನ್ನ ಜವಾಬ್ದಾರಿ’ ಎಂದು ಮಾತು ಕೊಟ್ಟವರೂ ಅವರೇ.

"ಪೈಪ್ ಬಿಚ್ಚಿದ್ ತಕ್ಷಣ ಬಟ್ಟೆ ತುರುಕ್ಬೇಕು, ಧೂಳ್ ಹೋಗ್ಬಾರ್ದು. ಮುಚ್ಚೋ ಮುಂಚೆ ತೆಗೀಬೇಕು. ನಂಗೆ ಹೇಳ್ಕೊಟ್ಟಿದ್ದೇ ಅವ್ರು," ಎಂದ ರುದ್ರೇಶ. "ತುರುಕೋದು ನೆನಪೈತೆ. ತೆಗ್ಯೋದು ಮರ್ತೋಗೈತೆ."

ಆಮೇಲೆ ಅವನೇ ಇನ್ನೊಂದು ಸಂಗತಿ ಹೇಳಿದ. ಸ್ವಲ್ಪ ದಿನದ ಹಿಂದೆ ಒಂದು ಎಸ್ಟೇಟ್ ಜೀಪು ಬಂದಿತ್ತಂತೆ. ಬ್ರೇಕ್ ಪೈಪಿನ ನಟ್ಟು ಬಿಗಿಯದೆ ಆಯಿಲ್ ಸೋರುತ್ತಿತ್ತು. ಯಾರ ಹತ್ತಿರ ಮಾಡಿಸಿದ್ದೆಂದು ಡ್ರೈವರ್ ಬಾಯಿ ಬಿಟ್ಟಿರಲಿಲ್ಲ. "ಈಗ ಗೊತ್ತಾಯ್ತು," ಎಂದ ರುದ್ರೇಶ.

ನನ್ನ ಕಾರು ಕೈಕೊಟ್ಟರೆ ಶಾಲೆಗೆ ಬಸ್ಸಿದೆ. ಆದರೆ ಕಾಫಿ ಕೊಯ್ಯುವ ಹೆಂಗಸರನ್ನು ತುಂಬಿಕೊಂಡು ತೋಟದ ಇಳಿಜಾರು ಇಳಿಯುವ ಜೀಪು? ಅದರ ಬ್ರೇಕು?

ಹೇಳಲೇಬೇಕು. ಸರಿ, ಹೇಳುವುದು ಯಾರು? ‘ಅಣ್ಣಾ, ನಿಮಗೆ ಮರೆವು ಬಂದಿದೆ, ಸ್ಪ್ಯಾನರ್ ಕೆಳಗಿಡಿ’ ಎಂಬ ಮಾತನ್ನು ಯಾವ ದನಿಯಲ್ಲಿ ಹೇಳಬೇಕು? ಇಷ್ಟು ವರ್ಷ ಪಾಠ ಮಾಡಿದ ನನಗೂ ಹೊಳೆಯಲಿಲ್ಲ.

ಕಾರು ಸರಿಯಾದ ಮೇಲೆ ಒಂದು ಭಾನುವಾರ ಅದರಲ್ಲೇ ಇಬ್ಬರೂ ಸಕಲೇಶಪುರಕ್ಕೆ ಹೊರಟೆವು. ತೋರಿಸಿದರೆ ಹೇಳುವುದು ಸುಲಭವಾದೀತೆಂದು ರುದ್ರೇಶ ಆ ಬನಿಯನ್, ತಂತಿ, ಪೇಸ್ಟು ಮೆತ್ತಿದ ಪೈಪು, ಎಲ್ಲವನ್ನೂ ಒಂದು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡಿದ್ದ.

ಲಾರೆನ್ಸಣ್ಣನ ಮನೆಯ ಮುಂಭಾಗವೇ ಗ್ಯಾರೇಜು. ಶಿಷ್ಯನನ್ನು ಕಂಡು ಅವರಿಗೆ ಎಷ್ಟು ಖುಷಿ. ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳಿದರು. ರುದ್ರೇಶ ಹೇಳಿದ. ಒಂದು ಗುಟುಕು ಕಾಫಿ ಕುಡಿದು, ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಮತ್ತೆ ಕೇಳಿದರು. ರುದ್ರೇಶ ಮತ್ತೆ ಹೇಳಿದ, ಮೊದಲ ಸಲ ಹೇಳಿದಷ್ಟೇ ವಿವರವಾಗಿ.

ಅವರ ಹೆಂಡತಿ ಫಿಲೋಮಿನಕ್ಕ ನನ್ನನ್ನು ಅಡುಗೆಮನೆಗೆ ಕರೆದರು.

"ಡಾಕ್ಟ್ರಿಗೆ ತೋರಿಸಿ ಆಗಿದೆ ಟೀಚರ್. ಇದು ವಾಸಿ ಆಗುದಲ್ಲ ಅಂದ್ರು. ಮನೆಯೊಳಗೆ ಕೂತ್ರೆ ಸುಮ್ಮನೆ ಗೋಡೆ ನೋಡ್ತಾರೆ. ಸ್ಪ್ಯಾನರ್ ಹಿಡಿದಾಗ ಮಾತ್ರ ನನ್ನ ಗಂಡ ಇದ್ದಾರೆ ಅನ್ನಿಸ್ತದೆ. ಅದನ್ನೂ ನಾನೇ ಕಿತ್ತುಕೊಳ್ಳುದಾ?"

ನಾನು ಜೀಪಿನ ಬ್ರೇಕಿನ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

ಹೊರಗೆ ಬಂದಾಗ ಲಾರೆನ್ಸಣ್ಣ ಕಾರಿನ ಬಾನೆಟ್ ಎತ್ತಿ ಹೊಸ ಜಾಯಿಂಟುಗಳನ್ನು ಮುಟ್ಟಿ ನೋಡುತ್ತಿದ್ದರು. "ಚಂದ ಮಾಡಿದ್ದಿ," ಎಂದರು. ರುದ್ರೇಶ ಪಕ್ಕದಲ್ಲಿಟ್ಟಿದ್ದ ಡಬ್ಬದತ್ತ ಕಣ್ಣು ಹೋಯಿತು. ತಂತಿ ಎತ್ತಿದರು, ಪೈಪಿನ ತೂತಿಗೆ ಉಗುರು ಹಾಕಿ ಪೇಸ್ಟು ಕೆರೆದರು, ಬನಿಯನ್ ಬಿಡಿಸಿ ನೋಡಿದರು.

"ಪೈಪೊಳಗೆ ಇತ್ತಾ ಇದು? ಯಾವ ಬೇವರ್ಸಿ ಮಾರಾಯ ಈ ಗಾಡಿ ಕೆಡಿಸಿದ್ದು?"

ಫಿಲೋಮಿನಕ್ಕ ಬಾಗಿಲಲ್ಲಿ ನಿಂತಿದ್ದರು. ನಾನು ರುದ್ರೇಶನ ಮುಖ ನೋಡಿದೆ. ನಾವು ಬಂದದ್ದೇ ಇದಕ್ಕೆ ಉತ್ತರ ಹೇಳಲು.

"ನಾನೇ ಅಣ್ಣ," ಎಂದ ರುದ್ರೇಶ. "ಬಟ್ಟೆ ತೆಗ್ಯೋದು ಮರ್ತ್‌ಬುಟ್ಟೆ. ಆಮೇಲೆ ಬಿಚ್ಚಿ ಸರಿ ಮಾಡ್ದೆ."

ಲಾರೆನ್ಸಣ್ಣ ಬೈಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟರು.

"ಒಮ್ಮೆ ಮರೆತ ಕೈ ಇನ್ನೊಮ್ಮೆ ಮರೀತದೆ. ನೀನು ಇನ್ನು ಬ್ರೇಕಿನ ಕೆಲಸ ಮುಟ್ಟಬೇಡ ರುದ್ರೇಶ. ಜನ ಕೂರುವ ಗಾಡಿ ಅದು."

"ಆಯ್ತಣ್ಣ," ಎಂದ ರುದ್ರೇಶ. ಬಾನೆಟ್ ಮುಚ್ಚುವ ನೆಪದಲ್ಲಿ ಅತ್ತ ತಿರುಗಿಕೊಂಡ.

ವಾಪಸು ಬರುವಾಗ ಕಾರು ಏರನ್ನೆಲ್ಲ ಸಲೀಸಾಗಿ ಹತ್ತಿತು. ಅದನ್ನು ಹೊಗಳುವ ಉತ್ಸಾಹ ಇಬ್ಬರಲ್ಲೂ ಇರಲಿಲ್ಲ. "ಹೇಳಕ್ ಆಗ್ಲಿಲ್ಲ ಮೇಡಂ," ಎಂದನೊಮ್ಮೆ. ಆಗಬೇಕಿತ್ತೇ? ನಾನಾಗಿದ್ದರೆ ಹೇಳುತ್ತಿದ್ದೆನೇ?

ಅವರಿಗೆ ಹೇಳಲಾಗದ್ದನ್ನು ಊರಿಗೆ ಹೇಳಿದೆವು. ರುದ್ರೇಶ ಎಸ್ಟೇಟುಗಳ ಲೆಕ್ಕಪತ್ರ ನೋಡುವ ರೈಟರುಗಳಿಗೆ, ಜೀಪಿನ ಡ್ರೈವರುಗಳಿಗೆ ಒಬ್ಬೊಬ್ಬರಿಗೇ ಗುಟ್ಟಾಗಿ ತಿಳಿಸಿದ. ತಿಳಿಯದೆ ಬಂದವರನ್ನು ಫಿಲೋಮಿನಕ್ಕ ಗೇಟಿನಲ್ಲೇ ಕೈಮುಗಿದು ಕಳಿಸಿದರು. ಈಗ ಸಕಲೇಶಪುರದ ಜೀಪುಗಳೆಲ್ಲ ಆಲೂರಿಗೆ ಬರುತ್ತವೆ. ಯಾರಿಗೂ ಏನೂ ಆಗಿಲ್ಲ. ಅದಕ್ಕೇ ಅಲ್ಲವೇ ನಾವು ಇಷ್ಟೆಲ್ಲ ಮಾಡಿದ್ದು?

ಲಾರೆನ್ಸಣ್ಣ ಮಾತ್ರ ದಿನಾ ಬೆಳಿಗ್ಗೆ ಶಟರ್ ಎತ್ತಿ, ಸ್ಟೂಲಿನ ಮೇಲೆ ಕೂತು, ಒರೆಸಿದ ಸ್ಪ್ಯಾನರುಗಳನ್ನೇ ಒರೆಸುತ್ತಾರಂತೆ.

ಮೊನ್ನೆ ಫಿಲೋಮಿನಕ್ಕ ಫೋನ್ ಮಾಡಿದ್ದರು. "‘ಯಾಕೆ ಒಂದು ಗಾಡಿಯೂ ಬರುದಿಲ್ಲ? ನಾನು ಯಾರಿಗಾದ್ರೂ ತಪ್ಪು ಕೆಲಸ ಮಾಡಿದ್ನಾ?’ ಅಂತ ಕೇಳ್ತಾರೆ ಟೀಚರ್. ಎಷ್ಟೋ ಮರೀತಾರೆ. ಇದನ್ನು ಕೇಳ್ಲಿಕ್ಕೆ ಮಾತ್ರ ಮರೆಯುದಿಲ್ಲ."

"ನೀವೇನು ಹೇಳಿದ್ರಿ?" ಎಂದೆ.

"ಕಾಫಿ ಕೊಯ್ಲು ನಡೀತಾ ಉಂಟು, ಯಾರಿಗೂ ಪುರುಸೊತ್ತಿಲ್ಲ ಅಂದೆ."

ಕೊಯ್ಲು ಮುಗಿಯುತ್ತಾ ಬಂತು. ಆಮೇಲೆ ಏನು ಹೇಳುವುದು, ನಿಮಗೇನಾದರೂ ಹೊಳೆಯುತ್ತದೆಯೇ?