ಉಗುರಿಗೆ ಸಿಕ್ಕ ಗೀರು

ಬೆಳಗಿನ ಐದೂವರೆ. ತಗಡಿನ ಶೆಡ್ಡಿನ ಬಾಗಿಲು ಅರ್ಧ ಮಾತ್ರ ಎತ್ತಿದೆ. ಒಳಗೆ ಲಿಫ್ಟಿನ ಮೇಲೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಅದರ ಹೊಟ್ಟೆಯ ಕೆಳಗೆ ನಿಂತ ಐವತ್ತೊಂದು ವರ್ಷದ ಹೆಂಗಸೊಬ್ಬರು ಗೇರ್‌ಬಾಕ್ಸಿನ ಕೊನೆಯ ಬೋಲ್ಟಿನ ಜೊತೆ ಜಗಳಕ್ಕೆ ಬಿದ್ದಿದ್ದಾರೆ. "ಬಾರಪ್ಪಾ ದೊರೆ, ಹದಿನೆಂಟು ಜನ ಬಂದಾಯ್ತು. ನಿಂದೇನು ದೊಡ್ಡಸ್ತಿಕೆ?"

ಹತ್ತೊಂಬತ್ತನೆಯವನೂ ಬರುತ್ತಾನೆ. ನಲವತ್ತು ಕಿಲೋ ತೂಕದ ಗೇರ್‌ಬಾಕ್ಸ್ ಜಾಕಿನ ಮೇಲೆ ಮೆಲ್ಲಗೆ ಇಳಿಯುತ್ತದೆ. ಸುತ್ತಲಿನವರೆಲ್ಲ ಇವರನ್ನು 'ಮೇಸ್ತ್ರಿ ಅಕ್ಕ' ಎನ್ನುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಇವರ ಕೈಯಲ್ಲಿ ಹಾದುಹೋದ ಕ್ಲಚ್ಚುಗಳು ಎರಡು ಸಾವಿರದ ಮುನ್ನೂರಕ್ಕೂ ಮೇಲೆ. ಇವರ ಕುರಿತು ಬರೆಯಲೆಂದು ಬಂದಿರುವ ನನಗೆ ಕಾರಿನ ಬಗ್ಗೆ ಗೊತ್ತಿರುವುದು ಪೆಟ್ರೋಲ್ ಹಾಕಿಸುವುದೊಂದೇ. ಹಾಗಾಗಿ ಒಂದು ಸ್ಟೂಲ್ ಎಳೆದುಕೊಂಡು, ಬಾಯಿ ಮುಚ್ಚಿಕೊಂಡು ಕೂತಿದ್ದೇನೆ.

ಕಾರಿನ ಒಡತಿ ಆಸ್ಪತ್ರೆಯೊಂದರ ನರ್ಸ್. ತೀರಿಕೊಂಡ ಅಪ್ಪ ಬಿಟ್ಟುಹೋದ ಗಾಡಿ ಇದು. ಗುಡ್ಡ ಹತ್ತುವ ರೇಸಿನಲ್ಲಿ ಅಪ್ಪ ಓಡಿಸುತ್ತಿದ್ದರು, ಈಗ ಮಗಳು ಓಡಿಸುತ್ತಾಳೆ. ಆದರೆ ಹೋದ ವರ್ಷ ಎರಡು ಸಲವೂ ಏಳನೇ ತಿರುವಿಗೆ ಬರುವಷ್ಟರಲ್ಲಿ ಕ್ಲಚ್ ಸುಟ್ಟು, ಜನರೆದುರು ಗಾಡಿಯನ್ನು ಹಗ್ಗ ಕಟ್ಟಿ ಇಳಿಸಬೇಕಾಯಿತು. ಎರಡು ಸಲವೂ ದೊಡ್ಡ ವರ್ಕ್‌ಶಾಪಿನಲ್ಲಿ ಹೊಸ ಕ್ಲಚ್ ಹಾಕಿಸಿದ್ದೇ ಆಗಿತ್ತು. ಭಾನುವಾರ ಮತ್ತೆ ರೇಸು. ಈ ಸಲವೂ ಸುಟ್ಟರೆ ಗಾಡಿ ಮಾರಿಬಿಡಬೇಕು ಎಂದು ಅವಳ ಚಿಕ್ಕಪ್ಪ ಮಾತು ತೆಗೆದುಕೊಂಡಿದ್ದಾರೆ. ಕೊಳ್ಳುವವರು ಸೋಮವಾರ ಬರುತ್ತಾರೆ.

ಈ ಚಿಕ್ಕಪ್ಪ ಏಳು ಗಂಟೆಗೆಲ್ಲ ಶೆಡ್ಡಿಗೆ ಬರುತ್ತಾರೆ. ಬಂದವರೇ ಅಕ್ಕನ ತಲೆಯ ಮೇಲಿಂದ ಒಳಗೆ ಇಣುಕಿ, "ಮೇಸ್ತ್ರಿ ಎಲ್ಲಿ?" ಎನ್ನುತ್ತಾರೆ.

"ಎದುರಿಗೇ ಇದ್ದೀನಲ್ಲ ಸ್ವಾಮಿ, ಕನ್ನಡಕ ಒರೆಸ್ಕೊಳ್ಳಿ."

ಪಕ್ಕದ ಕೋಣೆಯಿಂದ ಕಿಸಕ್ ಎಂದು ನಗು. ಅಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿರುವವರು ಅಕ್ಕನ ಗಂಡ. "ಇಪ್ಪತ್ತಾರು ವರ್ಷದಿಂದ ಇದೇ ಪ್ರಶ್ನೆ ಸಾರ್. ಕೆಲವರು ನೇರ ನನ್ನ ಹತ್ರ ಬಂದು ಕ್ಲಚ್ ಬಗ್ಗೆ ಕೇಳ್ತಾರೆ. ನನಗೆ ಕಬ್ಬಿಣ ತಿರುಗಿಸೋದು ಬಿಟ್ರೆ ಎಳ್ಳಷ್ಟೂ ಗೊತ್ತಿಲ್ಲ. ಅವಳು ಹೇಳೋದು, ನಾನು ತಿರುಗಿಸೋದು. ಮನೇಲೂ ಅಷ್ಟೇ."

ಅಕ್ಕ ಈ ಕೆಲಸಕ್ಕೆ ಬಂದದ್ದು ಬೇರೊಬ್ಬರ ಗ್ಯಾರೇಜಿನಲ್ಲಿ ಬಿಚ್ಚಿದ ಸಾಮಾನು ತೊಳೆಯಲು. ಏಳು ವರ್ಷ ಸೀಮೆಎಣ್ಣೆಯ ಬಾಂಡ್ಲಿಯಲ್ಲಿ ಕೈ ಅದ್ದಿಕೊಂಡೇ ಇದ್ದರು. ಸ್ಪ್ಯಾನರ್ ಮುಟ್ಟಿದರೆ ಬೈಗುಳ. ಚರ್ಮ ಸುಲಿದು, ಮನೆಯಲ್ಲಿ ಅನ್ನ ಕಲಸಿದರೆ ಬೆರಳು ಉರಿಯುತ್ತಿತ್ತಂತೆ. "ಆದ್ರೆ ನೋಡಿ, ಸಾಮಾನು ಯಾಕೆ ಸವೀತು ಅಂತ ತೊಳೆಯೋರಿಗೆ ಗೊತ್ತಾಗೋಷ್ಟು ಬಿಚ್ಚೋರಿಗೆ ಗೊತ್ತಾಗಲ್ಲ. ಪ್ರತಿಯೊಂದನ್ನೂ ನಾನು ಸವರಿ ನೋಡಿದ್ದೀನಲ್ಲ," ಎನ್ನುತ್ತಾರೆ. ಹೇಳುವಾಗ ಎಡಗೈ ಹೆಬ್ಬೆರಳು ತೋರಿಸುತ್ತಾರೆ. ಉಳಿದ ಒಂಬತ್ತು ಉಗುರು ಮಟ್ಟಸ, ಇದೊಂದು ಮಾತ್ರ ಸ್ವಲ್ಪ ಉದ್ದ. ನಾದಿನಿ ಮದುವೆಯಲ್ಲಿ ಹೆಂಗಸರೆಲ್ಲ ಹತ್ತೂ ಉಗುರಿಗೆ ಬಣ್ಣ ಹಚ್ಚಿಕೊಂಡರೆ, ಇವರು ಇದೊಂದಕ್ಕೇ ಹಚ್ಚಿಸಿಕೊಂಡು ಎಲ್ಲರನ್ನೂ ನಗಿಸಿದ್ದರಂತೆ.

ಈಗ ಬೆಂಚಿನ ಮೇಲೆ ಮೂರು ಸ್ಟೀಲ್ ತಟ್ಟೆಗಳು ಬರುತ್ತವೆ. ಮೂರೂ ಅಡುಗೆಮನೆಯಿಂದ ನಿವೃತ್ತಿಯಾದವು. ಒಂದು 'ಹೋಗೋದು', ಒಂದು 'ಇರೋದು', ಮೂರನೆಯದು 'ಅನುಮಾನ'. ಈ ಅನುಮಾನದ ತಟ್ಟೆ ಖಾಲಿಯಾಗದೆ ಗೇರ್‌ಬಾಕ್ಸ್ ಮತ್ತೆ ಮೇಲೇರುವಂತಿಲ್ಲ. ಅದರಲ್ಲಿರುವ ಪ್ರತಿ ಸಾಮಾನಿಗೂ ಯಾಕೆ ಹೋಗಬೇಕು, ಯಾಕೆ ಇರಬೇಕು ಎಂದು ಗಾಡಿಯವರೆದುರು ಬಾಯಿಬಿಟ್ಟು ಹೇಳಬೇಕು.

ಈ ನೇಮ ಹುಟ್ಟಿದ್ದು ಅಕ್ಕನದೇ ತಪ್ಪಿನಿಂದ. ಹನ್ನೊಂದು ವರ್ಷದ ಹಿಂದೆ ಟ್ಯಾಕ್ಸಿಯವರೊಬ್ಬರ ಗಾಡಿಯಲ್ಲಿ ಎಂಜಿನ್ನಿನ ಎಣ್ಣೆ ಹೊರಬಾರದಂತೆ ತಡೆಯುವ ಆಯಿಲ್ ಸೀಲ್ ಸೋರುತ್ತಿಲ್ಲವಲ್ಲ ಎಂದು ಹಳೆಯದನ್ನೇ ಬಿಟ್ಟರು. ಮೂರೇ ವಾರಕ್ಕೆ ಅದು ಸೋರಿ, ಹೊಸ ಕ್ಲಚ್ ಎಣ್ಣೆಯಲ್ಲಿ ನೆನೆದುಹೋಯಿತು. "ಆಯಪ್ಪ ಒಂದು ಮಾತೂ ಬೈಲಿಲ್ಲ. ಬಾಗಿಲಲ್ಲಿ ಸುಮ್ನೆ ನಿಂತ್ಕೊಂಡ. ಬೈದಿದ್ರೇ ಚೆನ್ನಾಗಿತ್ತು. ಎರಡು ದಿನ ನನಗೆ ಅನ್ನ ಇಳೀಲಿಲ್ಲ," ಎನ್ನುವಾಗ ಅಕ್ಕನ ದನಿ ಈಗಲೂ ತಗ್ಗುತ್ತದೆ.

ಸುಟ್ಟು ಕರಕಲಾದ ಕ್ಲಚ್ ಪ್ಲೇಟು 'ಹೋಗೋದು' ತಟ್ಟೆಗೆ. ಅದನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟು, ಅದನ್ನು ಬಿಡಿಸುವ ಬೇರಿಂಗು, ಎರಡೂ ಅಲ್ಲಿಗೇ. ಆಯಿಲ್ ಸೀಲು ಚೆನ್ನಾಗಿಯೇ ಕಾಣುತ್ತದೆ, ಆದರೂ ಅಲ್ಲಿಗೇ. ಎಂಜಿನ್ನಿನ ಹಿಂದಿನ ದಪ್ಪ ಚಕ್ರ, ಫ್ಲೈವೀಲು, ಅನುಮಾನಕ್ಕೆ. ಅದು ತಟ್ಟೆಯಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ತಟ್ಟೆಯನ್ನೇ ಅದರ ಮೇಲೆ ಇಡುತ್ತಾರೆ!

ಚಿಕ್ಕಪ್ಪನಿಗೆ ಸಹನೆ ತಪ್ಪುತ್ತದೆ. "ಅದೆಲ್ಲ ಯಾಕಮ್ಮ? ಎಲ್ಲಾ ಹೊಸದು ಹಾಕಿ ಕೈತೊಳ್ಕೊಳ್ಳಿ. ಅಲ್ಲಿ ಹತ್ತೋದು ನಮ್ಮ ಅಣ್ಣನ ಮಗಳು."

ಅಕ್ಕ ಫ್ಲೈವೀಲಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಸಂದಿನಲ್ಲಿ ಬೆಳಕು ತೂರುತ್ತದೆಯೇ ಎಂದು ನೋಡುತ್ತಲೇ ಉತ್ತರಿಸುತ್ತಾರೆ. "ಎಲ್ಲಾ ಬದಲಾಯಿಸಿದ್ರೆ ಕಾರಣ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಣ್ಣ? ಎರಡು ಸಲ ಹೊಸದೇ ಹಾಕಿದ್ರಲ್ಲ. ಸುಟ್ಟಿದ್ದನ್ನ ತೆಗೆದ್ರು, ಸುಟ್ಟಿದ್ದು ಯಾರು ಅಂತ ಕೇಳ್ಲಿಲ್ಲ. ಇವನು ಅಲ್ಲ. ಬಿಸಿಗೆ ನೀಲಿಯಾಗಿದಾನೆ, ಅಷ್ಟೇ. ಬಿರುಕಿಲ್ಲ, ಬಾಗಿಲ್ಲ. ಮುಖ ಒಂಚೂರು ಸಾಪು ಮಾಡಿಸಿದ್ರೆ ಇರ್ತಾನೆ."

ಆಮೇಲೆ ಅವರು ಗೇರ್‌ಬಾಕ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅದರ ಮೂತಿಯಲ್ಲಿ ಗೇಣಿಗೂ ಚಿಕ್ಕದಾದ ಕೊಳವೆಯೊಂದಿದೆ. ಪೆಡಲ್ ಒತ್ತಿದಾಗ ಬೇರಿಂಗ್ ಇದರ ಮೇಲೆ ಮುಂದೆ ಜಾರುತ್ತದೆ, ಬಿಟ್ಟಾಗ ಹಿಂದೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲಚ್ ಡಬ್ಬಿಯಲ್ಲಿ ಮೂರು ಸಾಮಾನು ಇರುತ್ತವೆ, ಇದು ಇರುವುದಿಲ್ಲ. ಅಕ್ಕ ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಕೊಳವೆಯ ಉದ್ದಕ್ಕೂ ಎಳೆಯುತ್ತಾರೆ. ಒಂದು ಕಡೆ ಉಗುರು ಟಕ್ ಎಂದು ನಿಲ್ಲುತ್ತದೆ. ಮತ್ತೆ ಎಳೆಯುತ್ತಾರೆ. ಅಲ್ಲೇ ಟಕ್.

"ಸಿಕ್ಕಿಬಿದ್ದ ಕಳ್ಳ!" ಎಂದು ಅವರು ಕೂಗಿದ ರಭಸಕ್ಕೆ ಲೇತ್ ನಿಲ್ಲುತ್ತದೆ. ಚಿಕ್ಕಪ್ಪನ ಕೈ ಹಿಡಿದೆಳೆದು, ಅವರ ಉಗುರಿನಲ್ಲೂ ಸವರಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು. ಬಿಸಿಯೇರಿದಾಗ ಬೇರಿಂಗ್ ಆ ಗೀರಿನಲ್ಲಿ ಸಿಕ್ಕಿಕೊಂಡು ಪೂರ್ತಿ ಹಿಂದೆ ಬರುತ್ತಿರಲಿಲ್ಲ. ಕಾಲು ತೆಗೆದರೂ ಯಾರೋ ಪೆಡಲನ್ನು ಒಂದಿಷ್ಟು ಒತ್ತಿಹಿಡಿದ ಹಾಗೆ. ಕ್ಲಚ್ ಜಾರುತ್ತಾ ಜಾರುತ್ತಾ ಸುಟ್ಟುಹೋಗುತ್ತಿತ್ತು. ಚಿಕ್ಕಪ್ಪ ಇನ್ನೊಮ್ಮೆ ತಾವೇ ಸವರಿ ನೋಡುತ್ತಾರೆ.

ಹೊಸ ಕೊಳವೆ ತರಿಸಲು ಮೂರು ವಾರ ಬೇಕು. ಇರುವುದು ಮೂರು ದಿನ. ಅದೇ ಅಳತೆಯ ಕೊಳವೆ ಕಡೆಯಲು ಗಂಡ ಉಕ್ಕಿನ ತುಂಡೊಂದನ್ನು ಲೇತಿಗೆ ಕಟ್ಟುತ್ತಾರೆ. ಮೊದಲನೆಯದನ್ನು ಅಕ್ಕ ಉಗುರಲ್ಲಿ ಸವರಿ ವಾಪಸ್ ಕೊಡುತ್ತಾರೆ. ಎರಡನೆಯದನ್ನೂ. ಮೂರನೆಯದಕ್ಕೆ ಉಗುರು ಎಲ್ಲೂ ನಿಲ್ಲುವುದಿಲ್ಲ. "ಇವಳು ನನ್ನ ಮದುವೆಯಾಗುವಾಗ್ಲೂ ಇಷ್ಟು ಪರೀಕ್ಷೆ ಮಾಡ್ಲಿಲ್ಲ," ಎಂದು ಗಂಡ ಬೆವರೊರೆಸಿಕೊಳ್ಳುತ್ತಾರೆ.

ಭಾನುವಾರ. ಎಲ್ಲರೂ ಗುಡ್ಡದ ತುದಿಯಲ್ಲಿ ಕಾದರೆ ಅಕ್ಕ ಏಳನೇ ತಿರುವಿನ ಕಟ್ಟೆಯ ಹಿಂದೆ ನಿಂತಿದ್ದಾರೆ. ಪಕ್ಕದಲ್ಲಿ ಗಂಡ, ಚಿಕ್ಕಪ್ಪ, ನಾನು. ಮೂರು ಸಲ ಹತ್ತಬೇಕು. ಎರಡು ಸಲ ಕಾರು ಸಲೀಸಾಗಿ ದಾಟುತ್ತದೆ. ಅಕ್ಕನ ಮುಖ ಸಡಿಲವಾಗುವುದಿಲ್ಲ. "ನಿಜವಾದ ಪರೀಕ್ಷೆ ಈಗಲೇ ಇರೋದು. ಚೆನ್ನಾಗಿ ಕಾದಿದೆ ನೋಡಿ. ಕ್ಲಚ್ ಜಾರಿದ್ರೆ ಎಂಜಿನ್ ಕಿರುಚುತ್ತೆ, ಗಾಡಿ ಓಡಲ್ಲ. ಆ ಕಿರುಚೋ ಸದ್ದು ಬರಬಾರದು, ಅಷ್ಟೇ."

ಮೂರನೇ ಸಲ ಕೆಳಗಿನಿಂದ ಸದ್ದು ಏರಿ ಬರುತ್ತದೆ. ಅಕ್ಕ ಕಣ್ಣು ಮುಚ್ಚುತ್ತಾರೆ. ಪೆಟ್ರೋಲ್ ಹಾಕಿಸುವುದಷ್ಟೇ ಗೊತ್ತಿರುವ ನಾನೂ ಕಿವಿ ನಿಮಿರಿಸುತ್ತೇನೆ! ತಿರುವಿನಲ್ಲಿ ಗೇರ್ ಬದಲಾಗುತ್ತದೆ, ಒಂದು ಕ್ಷಣ ಸದ್ದು ಅಡಗುತ್ತದೆ, ಮರುಕ್ಷಣ ಇಡೀ ಕಾರು ಒದ್ದುಕೊಂಡು ಮೇಲಕ್ಕೆ ನುಗ್ಗುತ್ತದೆ. ಕಿರುಚಾಟವಿಲ್ಲ, ಸುಟ್ಟ ವಾಸನೆಯಿಲ್ಲ. ಅಕ್ಕ ಗಂಡನ ಬೆನ್ನಿಗೆ ಕೊಟ್ಟ ಗುದ್ದಿಗೆ ಅವರು ಮುಗ್ಗರಿಸುತ್ತಾರೆ. "ಕ್ಲಚ್ ಕಚ್ಚಿಕೊಳ್ತು ಕಣ್ರೀ! ಕಚ್ಚಿಕೊಳ್ತು!" ಎಂದು ಅಕ್ಕ ಕುಣಿಯುತ್ತಾರೆ, ಕಣ್ಣಲ್ಲಿ ನೀರು.

ನರ್ಸಿಗೆ ಎರಡನೇ ಸ್ಥಾನ. ಅಪ್ಪ ಇದೇ ಗಾಡಿಯಲ್ಲಿ ಹತ್ತಿದ್ದಕ್ಕಿಂತ ನಾಲ್ಕು ಸೆಕೆಂಡ್ ಬೇಗ. ಇಳಿದು ಬಂದವಳು ಹೆಲ್ಮೆಟ್ ಕೂಡ ತೆಗೆಯದೆ ಅಕ್ಕನನ್ನು ತಬ್ಬಿಕೊಳ್ಳುತ್ತಾಳೆ. ಚಿಕ್ಕಪ್ಪ ಆಚೆ ಹೋಗಿ ಫೋನಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಾರೆ: "ಇಲ್ಲ, ಸೋಮವಾರ ಬರೋದು ಬೇಡ. ಗಾಡಿ ಮಾರಾಟಕ್ಕಿಲ್ಲ. ಯಾವತ್ತೂ ಇಲ್ಲ."

ಅಷ್ಟರಲ್ಲಿ ಇನ್ನೊಂದು ಕಾರಿನವರೊಬ್ಬರು ಬಂದು, ಅಕ್ಕನ ಗಂಡನ ಕೈ ಕುಲುಕಿ, "ಮೇಸ್ತ್ರಿ ನೀವೇನಾ?" ಎನ್ನುತ್ತಾರೆ. ಗಂಡ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಫೋನ್ ಹಿಡಿದೇ ಓಡಿ ಬರುತ್ತಾರೆ. "ಅಯ್ಯೋ, ಅವರಲ್ಲ ಸ್ವಾಮಿ! ಮೇಸ್ತ್ರಿ ಇವರು! ಎದುರಿಗೇ ಇದ್ದಾರಲ್ಲ!"

ಹೊರಡುವ ಮುನ್ನ ಅಕ್ಕನನ್ನು ಕೇಳುತ್ತೇನೆ, ನಿಮ್ಮ ಆಸೆ ಏನು ಎಂದು. ಹೆಬ್ಬೆರಳಿನ ಉಗುರಿನ ಗ್ರೀಸನ್ನು ಸೆರಗಿಗೆ ಒರೆಸುತ್ತಾ ಅವರು ಯೋಚಿಸುತ್ತಾರೆ.

"ಮೇಸ್ತ್ರಿ ಎಲ್ಲಿ ಅಂತ ಕೇಳೋರು ಕಮ್ಮಿ ಆಗ್ಲಿ, ಅಷ್ಟು ಸಾಕು." ಆಮೇಲೆ ಚಿಕ್ಕಪ್ಪನ ಕಡೆ ನೋಡಿ ನಗುತ್ತಾರೆ. "ಇವತ್ತು ಒಬ್ರು ಕಮ್ಮಿ ಆದ್ರಲ್ಲ."